ಎಡಗಡೆಯ ಸ್ಟೇರಿಂಗ್

ಬೆಳಗಿನ ರೈಲುಗಾಡಿ ಹುಬ್ಬಳ್ಳಿ ದಾಟಿ ಧಾರವಾಡದ ಕಡೆಗೆ ಏರತೊಡಗಿದಾಗ, ತಾನು ಹೆಂಡತಿಗೆ ಸುಳ್ಳು ಹೇಳಿ ಬಂದಿಲ್ಲ, ಆದರೆ ಖರೆಯನ್ನೂ ಹೇಳಿ ಬಂದಿಲ್ಲ ಎಂಬುದು ಕುಬೇರಪ್ಪನಿಗೆ ಹೊಳೆಯಿತು. ನಸುಕಿನಲ್ಲಿ ಕುಂದಗೋಳದ ಮನೆಯ ಕಟ್ಟೆಯ ಮೇಲೆ ಕೂತು ಬೂಟಿನ ದಾರ ಬಿಗಿಯುತ್ತಿದ್ದಾಗ ನೀಲಕ್ಕ ಚಹದ ಕಪ್ಪು ಹಿಡಿದುಕೊಂಡು ನಿಂತಿದ್ದಳು. “ಶಂಭುಲಿಂಗಪ್ಪನವ್ರು ತಾವಾಗೇ ಅಂಬಾಸಿಡರ್ ಕೊಡ್ತೀನಿ ಅಂದಾರ. ಮನೀ ಮುಂದ ತಂದು ನಿಲ್ಲಸ್ತೀನಿ ಅಂದಾರ. ಅದನ್ನ ಬಿಟ್ಟು ಅಳ್ನಾವರದ ತನಕ ಯಾಕ ಹೊಂಟೀರಿ?” ಎಂದಳು. ಕುಬೇರಪ್ಪ ದಾರದ ಗಂಟನ್ನು ಬಿಚ್ಚಿ ಮತ್ತೊಮ್ಮೆ ಹಾಕಿದ. “ಸುಮ್ನ ನೋಡಿ ಬರ್ತೀನಿ” ಎಂದ. ಆ ‘ಸುಮ್ನ’ ಎಂಬ ಮಾತು ಈಗ ಕಿಟಕಿಯಿಂದ ಬರುವ ಹೊಗೆಯ ಹಾಗೆ ಮೂಗಿನಲ್ಲಿ ಉಳಿದಿತ್ತು. ನಲವತ್ತಾರು ವರ್ಷದಲ್ಲಿ ತಾನು ಸುಮ್ಮನೆ ಎಂದು ಎಲ್ಲಿಗೂ ಹೋದವನಲ್ಲ. ಓದಿದ್ದು ಅಪ್ಪ ಹೇಳಿದ್ದನ್ನು, ಮದುವೆಯಾದದ್ದು ಸೋದರಮಾವ ತೋರಿಸಿದವಳನ್ನು, ನೌಕರಿಗೆ ಸೇರಿದ್ದು ಯಾರೋ ಚೀಟಿ ಕೊಟ್ಟ ಕಡೆ. ಎದುರಿನ ಸೀಟಿನಲ್ಲಿ ನಿಜಾಮಸಾಬ ಚುರುಮುರಿಯ ಪೊಟ್ಟಣ ಬಿಚ್ಚಿ, ಹಸಿಮೆಣಸಿನಕಾಯಿ ಕಡಿದು, ಕಣ್ಣು ಒರೆಸಿಕೊಳ್ಳುತ್ತಿದ್ದ. ಕುಂದಗೋಳದಲ್ಲಿ ಪಂಪುಸೆಟ್ಟು, ಟ್ರ್ಯಾಕ್ಟರು ರಿಪೇರಿ ಮಾಡುವ ಮನುಷ್ಯ. ಅಳ್ನಾವರದಲ್ಲಿ ಒಂದು ವಿಚಿತ್ರ ಕಾರು ಮಾರಾಟಕ್ಕಿದೆ, ಕುವೈತಿನಿಂದ ಬಂದದ್ದು, ಎಂಟು ವರ್ಷದ ಹಳೆಯದು, ಯಾರೂ ತೆಗೆದುಕೊಳ್ಳುತ್ತಿಲ್ಲ ಎಂದು ಸುದ್ದಿ ತಂದವನು ಅವನೇ. ತಗೊಳ್ಳಿರಿ ಎಂದು ಹೇಳಿರಲಿಲ್ಲ. ಯಾರೂ ತಗೊಳ್ಳವಲ್ಲರು ಎಂದಷ್ಟೇ ನಗುತ್ತ ಹೇಳಿದ್ದ. ಅಂದಿನಿಂದ ಹದಿನೈದು ದಿನ ಕುಬೇರಪ್ಪನ ತಲೆಯಲ್ಲಿ ಆ ಕಾರು, ಒಮ್ಮೆಯೂ ನೋಡದ ಆ ಕಾರು, ತಿರುಗುತ್ತಿತ್ತು.

ಕಾರು ಬೇಕಾದದ್ದೇನೋ ನಿಜ. ಹೋದ ಮಳೆಗಾಲದಲ್ಲಿ ಗುಡಗೇರಿಯಿಂದ ಬರುವಾಗ ಎರೆಮಣ್ಣಿನಲ್ಲಿ ಮೋಟರ್ ಸೈಕಲ್ಲು ಜಾರಿ ಬಿದ್ದು ಅವನ ಬಲಗೈ ಮಣಿಕಟ್ಟು ಮುರಿದಿತ್ತು. ಕೂಡಿಕೊಂಡಿತು, ಆದರೆ ಹ್ಯಾಂಡಲ್ಲು ಹಿಡಿದು ಇಪ್ಪತ್ತು ಮೈಲಿ ಹೋದರೆ ಹೆಬ್ಬೆರಳು ಜೋಮು ಹಿಡಿಯುತ್ತಿತ್ತು. ಬೇರೆಯವರಿಗಾದರೆ ಅದು ದೊಡ್ಡ ಮಾತಲ್ಲ. ಕುಬೇರಪ್ಪ ಹತ್ತಿಯ ದರ್ಜೆ ಹೇಳುವವನು. ಹತ್ತಿ ಸಂಘದ ಮೂರು ಅಂಗಳಗಳಿಗೆ, ಸುಗ್ಗಿಯ ನಾಲ್ಕು ತಿಂಗಳು, ದಿನವೂ ತಿರುಗಬೇಕು. ರಾಶಿಯೊಳಗೆ ಮೊಳಕೈಯವರೆಗೆ ಕೈ ತೂರಿಸಿ ಒಂದು ಹಿಡಿ ತೆಗೆದು, ಎರಡೂ ಹೆಬ್ಬೆರಳುಗಳ ನಡುವೆ ಹಿಡಿದು ಎಳೆದು, ಒಂದರ ಮೇಲೊಂದು ಇಟ್ಟು ಮತ್ತೆ ಎಳೆದು, ಎಳೆಗಳೆಲ್ಲ ಬಾಚಿದ ಕೂದಲಿನಂತೆ ಒಂದೇ ಕಡೆಗೆ ಬಂದಾಗ ಅದನ್ನು ಕರಿಯ ಕೋಟಿನ ತೋಳಿನ ಮೇಲೆ ಇಟ್ಟು ನೋಡಬೇಕು. ಉದ್ದವೆಷ್ಟು, ಗಟ್ಟಿಯೆಷ್ಟು ಎಂದು ಕಣ್ಣು ಹೇಳುವುದಕ್ಕಿಂತ ಮೊದಲೇ ಹೆಬ್ಬೆರಳು ಹೇಳುತ್ತದೆ. ಇಪ್ಪತ್ತೆರಡು ವರ್ಷ ಅದು ಹೇಳಿದ್ದನ್ನು ಬಾಯಿ ಹೇಳಿದೆ. ಒಂದು ಸಲ ಬಿಟ್ಟು. ಒಂದು ಸಲ ಎಂದು ಅವನು ಎಣಿಸುತ್ತಾನೆ. ಉಳಿದವು ಅನುಮಾನದವು, ಎರಡೂ ಕಡೆ ವಾಲಬಹುದಾದವು. ಅದೊಂದು ಮಾತ್ರ ಅನುಮಾನವಿಲ್ಲದ್ದು.

ಹೋದ ವರ್ಷ ಇದೇ ಫೆಬ್ರುವರಿಯಲ್ಲಿ ಗುಡಗೇರಿಯ ಆಚೆಯ ಹಳ್ಳಿಯಿಂದ ಮಾಳಪ್ಪ ಎಂಬ ಮುದುಕ ಮೂರು ಬಂಡಿ ಹತ್ತಿ ತಂದಿದ್ದ. ಕುರಿ ಸಾಕುವ ಮನುಷ್ಯ, ಐದೆಕರೆ ಹೊಲ. ಅಂಥ ಹತ್ತಿ ಕುಬೇರಪ್ಪನ ಕೈಗೆ ಆ ಸುಗ್ಗಿಯಲ್ಲಿ ಬಂದಿರಲಿಲ್ಲ. ಎಳೆದರೆ ಕೊನೆಯೇ ಇಲ್ಲವೆಂಬಂತೆ ಬರುತ್ತಿತ್ತು. ಆಗ ಪಕ್ಕದಲ್ಲಿ ನಿಂತ ಖರೀದಿದಾರ ಶಂಭುಲಿಂಗಪ್ಪ ಗಂಟಲು ಸರಿಮಾಡಿಕೊಂಡ. ಅಷ್ಟೇ. ಆಮೇಲೆ ಮೆಲ್ಲಗೆ, “ಸ್ವಲ್ಪ ಹಸಿ ಐತಿ ಅನಸ್ತೈತಲ್ರಿ ಸಾಹೇಬ್ರ” ಎಂದ. ಹಸಿ ಇರಲಿಲ್ಲ. ಕುಬೇರಪ್ಪ ತೋಳಿನ ಮೇಲಿನ ಎಳೆಯನ್ನು ನೋಡುತ್ತ ನಿಂತ. ಹಮಾಲರು ಕಾಯುತ್ತಿದ್ದರು, ಬಿಸಿಲು ಏರಿತ್ತು. ತನ್ನ ಬಾಯಿಂದ “ಎರಡನೇದು” ಎಂಬ ಮಾತು ಬಂದದ್ದು ಕೇಳಿ ತಾನೇ ಬೆರಗಾದ. ಮಾಳಪ್ಪ ಹೆಗಲ ಮೇಲಿನ ವಸ್ತ್ರ ಕೊಡವಿ ಮತ್ತೆ ಹೆಗಲಿಗೇ ಹಾಕಿಕೊಂಡು, “ನೀವ ಅಂದಮ್ಯಾಲ ಮುಗೀತು ಬಿಡ್ರಿ” ಎಂದ. ಆ ಸಂಜೆ ಶಂಭುಲಿಂಗಪ್ಪ ತನ್ನ ಅಂಬಾಸಿಡರಿನಲ್ಲಿ ಅವನನ್ನು ಕುಂದಗೋಳಕ್ಕೆ ಬಿಟ್ಟ. ಹಿಂದಿನ ಸೀಟಿಗೆ ಬಿಳಿಯ ಬಟ್ಟೆ ಹೊದಿಸಿತ್ತು. ಅದರಲ್ಲಿ ಕೂತರೆ ಮೈ ಒಳಕ್ಕೆ ಇಳಿದು, ಏಳುವುದಕ್ಕೆ ಯಾರಾದರೂ ಕೈ ಕೊಡಬೇಕೆನಿಸುತ್ತಿತ್ತು. ಈಗ ಅವನು ಕೊಡುತ್ತೇನೆ ಎಂದದ್ದು ಅದೇ ಗಾಡಿ. ಬೆಲೆ ಕೇಳಿದರೆ ಶಂಭುಲಿಂಗಪ್ಪ ನಕ್ಕು, “ನಿಮಗ ತಿಳದಷ್ಟ ಕೊಡ್ರಿ. ನಮ್ಮ ನಿಮ್ಮ ನಡುವ ಅದೇನು?” ಎಂದಿದ್ದ. ಕೆಟ್ಟ ಮನುಷ್ಯನಲ್ಲ. ಅವನ ಮಾತಿನಲ್ಲಿ ಪ್ರೀತಿಯೂ ಇತ್ತು. ಅದೇ ಕುಬೇರಪ್ಪನಿಗೆ ಬಿಡಿಸಲಾಗದ ಗಂಟಾಗಿತ್ತು.

“ಸಾಹೇಬ್ರ, ಎಲ್ಲಿದೀರಿ? ಅಳ್ನಾವರ ಬಂತು” ಎಂದ ನಿಜಾಮಸಾಬ.

ಅಳ್ನಾವರದ ಗಾಳಿಯೇ ಬೇರೆ. ಕೊಯ್ದ ಸಾಗುವಾನಿಯ ವಾಸನೆ, ಇಬ್ಬನಿಯ ತಂಪು. ಬಯಲುಸೀಮೆಯ ಕಣ್ಣಿಗೆ ಮರಗಳೆಲ್ಲ ತೀರ ಹತ್ತಿರ ಬಂದು ನಿಂತಂತೆ ಕಂಡವು. ಸ್ಟೇಷನ್ನಿನ ಹಿಂದಿನ ಓಣಿಯಲ್ಲಿ ಇಮಾಮಹುಸೇನ ಗರಗಸದ ಅಲಗು ಮಸೆಯುವ ಅಂಗಡಿ ಇಟ್ಟಿದ್ದ. ಹನ್ನೊಂದು ವರ್ಷ ಕುವೈತಿನಲ್ಲಿ ಒಬ್ಬ ಜರ್ಮನ್ ಎಂಜಿನಿಯರನ ಡ್ರೈವರಾಗಿದ್ದವನು. ಆ ಸಾಹೇಬ ಊರಿಗೆ ಹೊರಟಾಗ ಕಾರನ್ನು ಇವನಿಗೇ ಅಗ್ಗಕ್ಕೆ ಕೊಟ್ಟಿದ್ದ. ಹಡಗಿನ ಮೇಲೆ ಹಾಕಿಕೊಂಡು ಬಂದಿದ್ದ. ಅಂಗಡಿಯ ಬಾಜುವಿನ ತಗಡಿನ ಚಪ್ಪರದಲ್ಲಿ ತಾಡಪತ್ರಿ ಹೊದ್ದುಕೊಂಡು ಅದು ನಿಂತಿತ್ತು. ತಾಡಪತ್ರಿ ಎಳೆದಾಗ ಕುಬೇರಪ್ಪನಿಗೆ ಮೊದಲು ಅನಿಸಿದ್ದು, ಕಾರನ್ನು ಯಾರೋ ಮುಗಿಸದೆ ಬಿಟ್ಟಿದ್ದಾರೆ ಎಂದು. ಹಿಂದೆ ಡಿಕ್ಕಿಯೇ ಇರಲಿಲ್ಲ. ಕಾರಿನ ಮಾಳಿಗೆ ಬಂದಷ್ಟು ಬಂದು, ತಟ್ಟನೆ ಮನಸ್ಸು ಬದಲಿಸಿ ಕೆಳಗಿಳಿದುಬಿಟ್ಟಿತ್ತು. ಕರಿಯ ಬಣ್ಣ, ಮುಂದಿನ ಜಾಳಿಗೆಯ ಸುತ್ತ ತೆಳುವಾದ ಕೆಂಪು ಗೆರೆ. ನೆಲಕ್ಕೆ ಹತ್ತಿರ. ಪಕ್ಕದ ಬಾಗಿಲು ಎರಡೇ, ಹಿಂದಿನದೊಂದು ಗಾಜಿನ ಸಮೇತ ಮೇಲಕ್ಕೆ ಏಳುತ್ತಿತ್ತು. ಒಳಗೆ ಚೌಕಳಿ ಬಟ್ಟೆಯ ಸೀಟು. ಗಿಯರಿನ ಕೋಲಿನ ತುದಿಗೆ ಗುಳಿಗುಳಿಯಾದ ಒಂದು ಚೆಂಡು. ಮತ್ತು ಸ್ಟೇರಿಂಗು ಎಡಗಡೆ.

“ಹ್ಞಾ, ಅದಕ್ಕ ಯಾರೂ ತಗೊಳ್ಳವಲ್ಲರು” ಎಂದ ನಿಜಾಮಸಾಬ, ರೋಗ ಗೊತ್ತಾದ ವೈದ್ಯನಂತೆ.

“ಅದೊಂದ ಅಲ್ಲ” ಎಂದ ಇಮಾಮಹುಸೇನ. ಐವತ್ತೈದರ ಆಸುಪಾಸು, ಎಡಗಾಲು ಎಳೆಯುತ್ತ ನಡೆಯುತ್ತಿದ್ದ. “ಟಾಯರ ಇಲ್ಲಿ ಸಿಗಂಗಿಲ್ಲ, ಮುಂಬೈಗೆ ಬರದು ತರಸಬೇಕು. ಸಾಮಾನು ನನ್ನ ಹಂತ್ಯಾಕ ಒಂದು ಟ್ರಂಕ್ ಐತಿ, ಕೊಡ್ತೀನಿ. ಅದು ತೀರಿತು ಅಂದ್ರ ಅಲ್ಲಾನ ಗತಿ. ಹೊಂಡದಾಗ ಹಾಕಿದ್ರ ತಳ ಬಡೀತೈತಿ. ಪೆಟ್ರೋಲ್ ಮೆಲ್ಲಕ ಹೊಡದ್ರ ಲೀಟರಿಗೆ ಹನ್ನೆರಡು ಕೊಡತೈತಿ. ನನ್ನ ಮಗಳು ಹೊಡದ್ರ ಎಂಟು.”

ಮಾರುವವನು ಹೀಗೆ ಮಾತಾಡಿದ್ದನ್ನು ಕುಬೇರಪ್ಪ ಕೇಳಿರಲಿಲ್ಲ. ಹತ್ತಿ ಮಾರುವವರು ರಾಶಿಯ ಮೇಲೆ ಒಳ್ಳೆಯದನ್ನು ಹರವಿರುತ್ತಾರೆ, ಕೈ ಒಳಗೆ ಹೋಗಬೇಕು. ಇಲ್ಲಿ ಒಳಗಿನದನ್ನೇ ಎತ್ತಿ ಮೇಲೆ ಹಾಕುತ್ತಿದ್ದಾನೆ. ಅವನ ಕುತೂಹಲ ಕಾರಿನಿಂದ ಮನುಷ್ಯನ ಕಡೆಗೂ, ಮನುಷ್ಯನಿಂದ ಮತ್ತೆ ಕಾರಿನ ಕಡೆಗೂ ಹರಿದಾಡಿತು. ನಿಜಾಮಸಾಬ ಬಾನೆಟ್ಟು ಎತ್ತಿಸಿ ತಲೆ ಒಳಗಿಟ್ಟು ಬಹಳ ಹೊತ್ತು ಹುಡುಕಿದ. ಆಮೇಲೆ ಮುಖ ಎತ್ತಿ, ಅವಮಾನವಾದವನಂತೆ, “ಕಾರ್ಬುರೇಟರ್ ಎಲ್ಲೈತಿ?” ಎಂದು ಕೇಳಿದ.

“ಇಲ್ಲ.”

“ಇಲ್ಲ ಅಂದ್ರ?”

ಇಮಾಮಹುಸೇನ ಒಂದು ಕರಿಯ ಮುಚ್ಚಳ ತೆಗೆದು ಒಳಗಿನ ದುಂಡನೆಯ ತಟ್ಟೆಯನ್ನು ಬೆರಳಿನಿಂದ ಒತ್ತಿ ತೋರಿಸಿದ. ಎಂಜಿನ್ನು ಉಸಿರೆಳೆದಷ್ಟು ಈ ತಟ್ಟೆ ಏಳುತ್ತದೆ, ತಟ್ಟೆ ಎದ್ದಷ್ಟು ಪೆಟ್ರೋಲು ನಾಲ್ಕು ನಳಿಗೆಗಳಿಗೆ ಹೋಗುತ್ತದೆ, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ ಎಂದ. ಕುಬೇರಪ್ಪ ಬಗ್ಗಿ ನೋಡಿದ. ಗಾಳಿಯನ್ನು ತೂಗುವ ತಟ್ಟೆ. ತಾನೂ ಒತ್ತಬಹುದೇ ಎಂದು ಕೇಳಿ ಒತ್ತಿದ. ಅದು ಅವನ ಹೆಬ್ಬೆರಳಿಗೆ ಸ್ವಲ್ಪವೇ ಎದುರಾಡಿ, ಬಿಟ್ಟಾಗ ತನ್ನ ಜಾಗಕ್ಕೆ ಮರಳಿತು. ಎರಡನೇ ಸಲ ಒತ್ತಿದ. ಕೂಸಿನ ಹಾಗೆ ಮೂರನೇ ಸಲವೂ. ಇದನ್ನೆಲ್ಲ ಯಾವನು ಕೂತು ಯೋಚಿಸಿರಬೇಕು, ಯಾವ ಊರಿನಲ್ಲಿ, ಅವನಿಗೂ ಪಕ್ಕದಲ್ಲಿ ನಿಂತು ಗಂಟಲು ಸರಿಮಾಡುವವರು ಇದ್ದರೋ.

“ಮತ್ತ ಯಾಕ ಮಾರ್ತೀರಿ?” ಎಂದು ಕೇಳಿದ.

“ಕ್ಲಚ್ಚಿನ ಕಾಲು ಹೋತ್ರಿ ನಂದು. ಎರಡು ವರ್ಷದಿಂದ ಮಗಳ ಹೊಡೀತಾಳ. ಈಗ ಅಕಿ ಲಗ್ನ ಗೊತ್ತಾತು, ಬೆಳಗಾವಿಗೆ. ಇನ್ನ ಇದು ತಾಡಪತ್ರಿ ಹೊತ್ಕೊಂಡು ಮಲಗೂದ ಬರೇ.” ಒಳಗಿನ ಬಾಗಿಲ ಕಡೆ ತಿರುಗಿ ಕೂಗಿದ: “ಶಹನಾಜ! ಬಾ ಬೇಟಿ, ಸಾಹೇಬ್ರಿಗೆ ಒಂದ ಸುತ್ತು ತೋರಸು.”

ಇಪ್ಪತ್ತೊಂದು ಇಪ್ಪತ್ತೆರಡರ ಹುಡುಗಿ, ಓಢಣಿಯನ್ನು ತಲೆಯ ಮೇಲಿಂದ ತಂದು ಸೊಂಟಕ್ಕೆ ಬಿಗಿದುಕೊಂಡಳು. ಕುಬೇರಪ್ಪನಿಗೆ ಒಮ್ಮೆಲೇ ತನ್ನ ಕೋಟು, ತನ್ನ ವಯಸ್ಸು, ಜೇಬಿನಲ್ಲಿದ್ದ ಎರಡು ಪೆನ್ನು ಎಲ್ಲವೂ ಭಾರವಾದವು. ನಿಜಾಮಸಾಬನ ಮುಂದೆ, ಓಣಿಯಲ್ಲಿ ನಿಂತು ನೋಡುತ್ತಿದ್ದವರ ಮುಂದೆ, ಒಬ್ಬ ಹುಡುಗಿ ಹೊಡೆಯುವ ಕಾರಿನಲ್ಲಿ ಬಲಗಡೆ, ಡ್ರೈವರು ಕೂರುವ ಜಾಗದಲ್ಲಿ, ಎದುರಿಗೆ ಹಿಡಿಯಲು ಏನೂ ಇಲ್ಲದೆ ಕೂತ. ಕೈ ಎಲ್ಲಿ ಇಡಬೇಕೆಂದು ತಿಳಿಯಲಿಲ್ಲ. ಮೊಣಕಾಲ ಮೇಲೆ ಇಟ್ಟುಕೊಂಡ. ನಿಜಾಮಸಾಬ, ಇಮಾಮಹುಸೇನ ಇಬ್ಬರೂ ಮೊದಲೇ ಹಿಂದಿನ ಸೀಟಿಗೆ ತೂರಿದ್ದರು. ಕಾರು ಓಣಿ ದಾಟುವವರೆಗೆ ಬೆಕ್ಕಿನಂತೆ ನಡೆಯಿತು. ಹಳಿಯಾಳದ ರಸ್ತೆಗೆ ಬಂದಾಗ ಹುಡುಗಿ ಎರಡನೇ ಗಿಯರಿಗೆ ಹಾಕಿ ಕಾಲು ಒತ್ತಿದಳು. ಕುಬೇರಪ್ಪನ ಬೆನ್ನು ಸೀಟಿಗೆ ಅಂಟಿತು. ವೇಗ ಎಂದರೆ ಅವನಿಗೆ ಗೊತ್ತಿದ್ದದ್ದು ಬಸ್ಸಿನ ವೇಗ, ಅಬ್ಬರ ಮೊದಲು ಬಂದು ಆಮೇಲೆ ನಿಧಾನವಾಗಿ ಬರುವಂಥದ್ದು. ಇಲ್ಲಿ ಕೇಳುವುದಕ್ಕೂ ಕೊಡುವುದಕ್ಕೂ ನಡುವೆ ಏನೂ ಇರಲಿಲ್ಲ. ಮರಗಳು ಒಂದಕ್ಕೊಂದು ಅಂಟಿ ಹಿಂದೆ ಹೋದವು. ಹೊಟ್ಟೆಯಲ್ಲಿ ಏನೋ ಹಗುರಾಗಿ ಎದ್ದಿತು, ಬಾಲ್ಯದಲ್ಲಿ ಬಾವಿಗೆ ಹಾರುವಾಗ ಎದ್ದಂಥದ್ದು. ಒಮ್ಮೆ ಮಾತ್ರ ಹಾರಿದ್ದ. ಅಪ್ಪ ನೋಡಿ ಬಾರುಕೋಲು ತಂದಿದ್ದ.

ಮುಂದೆ ದಿಮ್ಮಿ ಹೇರಿದ ಲಾರಿ ಅಡ್ಡ ಬಂತು. ಶಹನಾಜ ಅದರ ಹಿಂದೆ ಸೇರಿಕೊಂಡಳು. ಎಡಗಡೆ ಕೂತವಳಿಗೆ ಲಾರಿಯ ಹಿಂಭಾಗ ಬಿಟ್ಟು ಏನೂ ಕಾಣದು. “ಮುಂದ ಖಾಲಿ ಐತೇನ್ರಿ ಸಾಹೇಬ್ರ?” ಎಂದಳು.

ಕುಬೇರಪ್ಪ ತಲೆ ಹೊರಗೆ ಹಾಕಿ ನೋಡಿದ. ರಸ್ತೆ ಖಾಲಿಯಿತ್ತು. ದೂರದಲ್ಲಿ ಏನೋ ಕಪ್ಪಗೆ ಇತ್ತು, ನೆರಳಿರಬಹುದು, ಎಮ್ಮೆಯಿರಬಹುದು. “ನೋಡೂಣು…” ಎಂದ.

“ಐತೋ ಇಲ್ಲೋ?”

“ಇರಬೇಕು ಅನಸ್ತೈತಿ.”

ಅವಳು ಲಾರಿಯ ಹಿಂದೆಯೇ ಉಳಿದಳು. ಹೊಗೆ, ತೊಗಟೆಯ ಪುಡಿ ಗಾಜಿನ ಮೇಲೆ ಬೀಳುತ್ತಿತ್ತು. ಅರ್ಧ ಮೈಲಿ ಹೋದ ಮೇಲೆ ಮತ್ತೆ ಕೇಳಿದಳು. ಮತ್ತೆ ಅವನ ಬಾಯಲ್ಲಿ ‘ಅನಸ್ತೈತಿ’ ಎಂಬುದೇ ಬಂತು. ಹಿಂದಿನಿಂದ ನಿಜಾಮಸಾಬ ಕೆಮ್ಮಿ ನಗು ಮುಚ್ಚಿಕೊಂಡ. ಊರೂರು ತಿರುಗಿ ದರ್ಜೆ ಹೇಳುವ ಮನುಷ್ಯನಿಗೆ ರಸ್ತೆ ಖಾಲಿ ಇದೆಯೋ ಇಲ್ಲವೋ ಹೇಳಲು ಬರುತ್ತಿಲ್ಲ. ಹುಡುಗಿ ಅವನ ಕಡೆ ನೋಡದೆಯೇ, ಸಿಟ್ಟಿಲ್ಲದೆ ಹೇಳಿದಳು: “ಅನಸ್ತೈತಿ ಅಂದ್ರ ನಾ ಹೋಗಂಗಿಲ್ರಿ. ಐತಿ ಅನ್ರಿ, ಇಲ್ಲ ಅನ್ರಿ. ನನಗ ಕಾಣಂಗಿಲ್ಲ.”

ಅವನು ಮತ್ತೆ ನೋಡಿದ. ಈ ಸಲ ಬೇರೆ ಥರ ನೋಡಿದ, ರಾಶಿಯೊಳಗೆ ಕೈ ಹಾಕಿದ ಹಾಗೆ. ಲಾರಿ, ಅದರಾಚೆ ತಿರುವಿಲ್ಲದ ಉದ್ದನೆಯ ರಸ್ತೆ, ಕೊನೆಯಲ್ಲಿ ಒಂದು ಕಲ್ಲಿನ ಸೇತುವೆ, ಅದರ ಮೇಲೆ ಏನೂ ಇಲ್ಲ. “ಐತಿ. ಹೋಗವಾ” ಎಂದ. ಮಾತು ಮುಗಿಯುವ ಮೊದಲೇ ಕಾರು ಬಲಕ್ಕೆ ಸರಿದು ಮುಂದಕ್ಕೆ ಎರಗಿತು. ದಿಮ್ಮಿಗಳು ಒಂದೊಂದಾಗಿ ಎಡಕ್ಕೆ ಜಾರಿದವು, ಲಾರಿಯ ಕ್ಲೀನರಿನ ಬಾಯಿ ತೆರೆದ ಮುಖ ಒಂದು ಕ್ಷಣ ಕಂಡು ಮಾಯವಾಯಿತು. ಸೇತುವೆ ದಾಟಿದಾಗ ಕುಬೇರಪ್ಪ ತಾನು ಜೋರಾಗಿ ನಗುತ್ತಿದ್ದೇನೆ ಎಂಬುದನ್ನು ಗಮನಿಸಿದ. ಕಣ್ಣಲ್ಲಿ ನೀರಿತ್ತು. ಗಾಳಿಗೆ ಇರಬೇಕು.

ಬೆಲೆ ಕೇಳಿದ. ಇಮಾಮಹುಸೇನ ಒಂದು ಬೆಲೆ ಹೇಳಿದ, ಹಳೆಯ ಫಿಯೆಟ್ಟಿಗಿಂತ ಕಡಿಮೆ. ಕುಬೇರಪ್ಪ ಚೌಕಾಸಿ ಮಾಡಲಿಲ್ಲ. ಹೇಳಿದ್ದು ಇಷ್ಟು, ಕೊಡುವುದು ಇಷ್ಟು, ಆಮೇಲೆ ಇಬ್ಬರ ನಡುವೆ ಏನೂ ಉಳಿಯುವುದಿಲ್ಲ ಎಂಬುದು ಅವನಿಗೆ ಹಾಯಾಗಿತ್ತು. ಮುಂಗಡ ಕೊಟ್ಟು ರೈಲು ಹತ್ತಿದರು. ಧಾರವಾಡ ದಾಟಿದ ಮೇಲೆ ನಿಜಾಮಸಾಬ, “ನೋಡ್ರಿ ಸಾಹೇಬ್ರ, ಅದು ಕೆಟ್ಟು ನಿಂತ್ರ ನನಗ ಬರಾಂಗಿಲ್ಲ, ಈಗ ಹೇಳೇನಿ” ಎಂದ. ಸ್ವಲ್ಪ ಹೊತ್ತಿನ ಮೇಲೆ, “ಆದ್ರೂ ಆ ತಾಟು ಏಳೂದು… ಒಂದ ಸಲ ಪೂರಾ ಬಿಚ್ಚಿ ನೋಡಬೇಕು” ಎಂದ.

ಮರುದಿನ ಸೋಮವಾರ ಶಂಭುಲಿಂಗಪ್ಪ ಅಂಗಳದಲ್ಲಿ ಸಿಕ್ಕು, “ಏನ್ರಿ, ಗಾಡಿ ಯಾವಾಗ ಕಳಸಲಿ?” ಎಂದು ಕೇಳಿದಾಗ ಕುಬೇರಪ್ಪ “ನೋಡೂಣು” ಎಂದ. ಹಾಗೆ ಅಂದದ್ದಕ್ಕೆ ಅಂದು ಇಡೀ ದಿನ ಊಟ ರುಚಿಸಲಿಲ್ಲ. ಬಾಯಿಂದ ಹೇಳಲಾರದ್ದನ್ನು ಮುಂದಿನ ಸೋಮವಾರ ಕಾರೇ ಹೇಳಿತು. ಟ್ರ್ಯಾಕ್ಟರು ಹೊಡೆದು ರೂಢಿಯಿದ್ದ ಕುಬೇರಪ್ಪ ಹಿಂದಿನ ದಿನ ನಿಜಾಮಸಾಬನನ್ನು ಬಲಗಡೆ ಕೂರಿಸಿಕೊಂಡು ಅಳ್ನಾವರದಿಂದ ತಂದಿದ್ದ. ನೀಲಕ್ಕ ಕಾರಿನ ಸುತ್ತ ಒಂದು ಸುತ್ತು ಬಂದು, ಹಿಂದಿನ ಬಾಗಿಲನ್ನು ಎತ್ತಿಸಿ, ಇಳಿಸಿ, ಮತ್ತೆ ಎತ್ತಿಸಿ, “ಇದರಾಗ ಜೋಳದ ಚೀಲ ಹಿಡೀತೈತೇನು?” ಎಂದು ಕೇಳಿ, ಹಿಡಿಯುತ್ತದೆ ಎಂದಾಗ ಒಳಗೆ ಹೋಗಿ ಕುಂಕುಮದ ಬಟ್ಟಲು ತಂದಿದ್ದಳು. ಅಳ್ನಾವರಕ್ಕೆ ಯಾಕೆ ಎಂಬ ಅವಳ ಅಂದಿನ ಪ್ರಶ್ನೆಗೆ ಅಷ್ಟರಲ್ಲಿ ಉತ್ತರ ಸಿಕ್ಕಿತೋ ಇಲ್ಲವೋ ಅವನಿಗೆ ಗೊತ್ತಾಗಲಿಲ್ಲ.

ಅಂಗಳದಲ್ಲಿ ಹಮಾಲರು ಕೆಲಸ ಬಿಟ್ಟು ಬಂದು ನಿಂತರು. ಎಡಗಡೆಯಿಂದ ಇಳಿದ ಸಾಹೇಬನನ್ನು ನೋಡಿ ಒಬ್ಬ, “ಮತ್ತ ಡ್ರೈವರ್ ಎಲ್ಲಿ ಹೋದ?” ಎಂದದ್ದಕ್ಕೆ ಎಲ್ಲರೂ ನಕ್ಕರು. ಶಂಭುಲಿಂಗಪ್ಪ ಗದ್ದಿಗೆಯಿಂದ ಎದ್ದು ಬಂದು, ಕಾರಿನ ಮಾಳಿಗೆಯ ಮೇಲೆ ಕೈಯಿಟ್ಟು, ಬಗ್ಗಿ ಒಳಗೆ ನೋಡಿದ. “ಕಪ್ಪಿ ಕುಂತಂಗ ಐತಲ್ರಿ!” ಎಂದು ನಕ್ಕ. ನಗು ಮುಗಿದ ಮೇಲೆ ಮುಖದಲ್ಲಿ ಒಂದಿಷ್ಟು ಏನೋ ಉಳಿಯಿತು. “ನಮ್ಮದು ಬ್ಯಾಡ ಅಂತ ಒಂದ ಮಾತು ಹೇಳಬೇಕಿತ್ತು. ನಾ ಬ್ಯಾರೇದವ್ರಿಗೆ ಇಲ್ಲ ಅಂದೆ.” ಅದು ನಿಜವಾಗಿಯೂ ನೊಂದ ದನಿ. ಕುಬೇರಪ್ಪ, “ತಪ್ಪಾತ್ರಿ” ಎಂದ. ನಂತರ ರಾಶಿಗಳ ಕಡೆ ನಡೆದರು. ಅಂದು ಏಳು ರಾಶಿ. ಐದನೆಯ ರಾಶಿಯ ಬಳಿ ಶಂಭುಲಿಂಗಪ್ಪ ಗಂಟಲು ಸರಿಮಾಡಿಕೊಂಡ. ಬಹುಶಃ ಧೂಳಿಗೆ. ಕುಬೇರಪ್ಪ ಹೆಬ್ಬೆರಳು ಹೇಳಿದ್ದನ್ನೇ ಹೇಳಿದ. ಆದರೆ ಹೇಳುವ ಮೊದಲು ಆ ಸದ್ದಿಗೆ ತನ್ನ ಕಿವಿ ನಿಮಿರಿತ್ತು, ಆರು ಮತ್ತು ಏಳನೆಯ ರಾಶಿಗಳಲ್ಲಿ ಅದು ಬರುವ ಮೊದಲೇ ಅದಕ್ಕಾಗಿ ಕಾದಿತ್ತು. ಕಾರು ಬದಲಾದರೆ ಕಿವಿ ಬದಲಾಗುವುದಿಲ್ಲ. ಅಂಗಳದ ಗೇಟು ದಾಟುವಾಗ ಕಾರಿನ ತಳ ಕಲ್ಲಿಗೆ ಗರ್ರೆಂದು ಉಜ್ಜಿತು, ಹಿಂದೆ ಮತ್ತೆ ನಗು ಕೇಳಿಸಿತು.

ಗುರುವಾರ ಗುಡಗೇರಿಯ ಕೆಲಸ ಬೇಗ ಮುಗಿಯಿತು. ಮಧ್ಯಾಹ್ನದ ಬಿಸಿಲು. ಒಬ್ಬನೇ ಇದ್ದ. ಊರು ದಾಟಿ, ಕುಂದಗೋಳದ ಕಡೆ ತಿರುಗಬೇಕಾದಲ್ಲಿ ತಿರುಗದೆ ನೇರ ಹೋದ. ತೀರ್ಮಾನ ಮಾಡಿದೆ ಎಂದು ಅವನು ಎಂದೂ ಹೇಳಲಾರ. ಮೋಟರ್ ಸೈಕಲ್ಲಾಗಿದ್ದರೆ ಅಷ್ಟು ಹೊತ್ತಿಗೆ ಹೆಬ್ಬೆರಳು ಜೋಮು ಹಿಡಿದು ಮನೆ ನೆನಪಾಗುತ್ತಿತ್ತು. ಈಗ ಅಂಥ ನೆಪವಿರಲಿಲ್ಲ. ಎರಡೂ ಕಡೆ ಕಡಲೆ ಕಿತ್ತ ಕರಿಯ ಹೊಲ. ಜೋಳದ ಕಣಿಕೆ ಹೇರಿದ ಚಕ್ಕಡಿಯೊಂದರ ಹಿಂದೆ ಒಂದು ಮೈಲಿ ಹಾಗೇ ತೆವಳಿದ. ಕಣಿಕೆಯಾಚೆ ಏನಿದೆಯೋ ಕಾಣದು, ಹೇಳಲು ಯಾರೂ ಇಲ್ಲ. ಆ ಒಂದು ಮೈಲಿಯಲ್ಲಿ ಮಾಳಪ್ಪನಿಗೆ ಹೇಳಬೇಕಾದ ಮಾತನ್ನು ನಾಲ್ಕು ರೀತಿಯಲ್ಲಿ ಕಟ್ಟಿ, ನಾಲ್ಕನ್ನೂ ಬಿಚ್ಚಿ ಹಾಕಿದ.

ಮಾಳಪ್ಪನ ಮನೆ ಹಳ್ಳಿಯ ಕೊನೆಗಿತ್ತು. ಕುರಿ ಮೇಯಲು ಹೋಗಿದ್ದವು, ಹಟ್ಟಿ ಖಾಲಿ. ಮುದುಕ ಕಟ್ಟೆಯ ಮೇಲೆ ಕೂತು ತಕಲಿಯಿಂದ ಉಣ್ಣೆ ನೂಲುತ್ತಿದ್ದ. ಯಾರೆಂದು ಗುರುತಿಸಿ, ಗಡಿಬಿಡಿಯಿಲ್ಲದೆ ಎದ್ದು, ಕಂಬಳಿ ಹಾಸಿ, “ಬರ್ರಿ ಸಾಹೇಬ್ರ” ಎಂದ. ಕುಬೇರಪ್ಪ ಕೂರಲಿಲ್ಲ. ಕೂತರೆ ಆ ಅಂಬಾಸಿಡರಿನ ಸೀಟಿನ ಹಾಗೆ ಒಳಗೆ ಇಳಿದುಬಿಡುತ್ತೇನೆ ಎಂಬ ಭಯವಾಯಿತು. ನಿಂತೇ ಹೇಳಿದ: “ಹೋದ ವರ್ಷ ನಿಮ್ಮ ಹತ್ತಿ ಒಂದನೇ ದರ್ಜೆ ಇತ್ತು. ನಾ ಎರಡನೇದು ಅಂದೆ. ಹಸೀನೂ ಇರಲಿಲ್ಲ ಏನೂ ಇರಲಿಲ್ಲ.”

ಮಾಳಪ್ಪ ತಕಲಿಯನ್ನು ನೆಲಕ್ಕೆ ಇಳಿಬಿಟ್ಟು ಅದು ತಿರುಗಿ ನಿಲ್ಲುವವರೆಗೆ ನೋಡಿದ. “ಗೊತ್ತೈತಲ್ರಿ” ಎಂದ.

“ಏನು ಗೊತ್ತೈತಿ?”

“ನಿಮ್ಮ ತೋಳಿನ ಮ್ಯಾಲ ಎಳಿ ಎಷ್ಟುದ್ದ ನಿಂತಿತ್ತು, ನಾನೂ ನೋಡಿದೆ. ನೀವು ಬಾಯಿ ತಗೀಲಿಕ್ಕೆ ಅಷ್ಟೊತ್ತು ಮಾಡಿದ್ದೂ ನೋಡಿದೆ. ನಲವತ್ತು ವರ್ಷ ಹತ್ತಿ ಬೆಳದಾಂವಗ ಕೈ ಇರಂಗಿಲ್ಲೇನು?”

“ಮತ್ತ ಯಾಕ ಸುಮ್ನಿದ್ರಿ?”

“ನಟ್ಟನಡು ರಾತ್ರಿ ಬಂಡಿ ಹೂಡಿ ಬಂದಿದ್ವಿ. ಎತ್ತು ದಣಿದು ನಿಂತಿದ್ವು. ಮೂರು ಬಂಡಿ ಹೊಳ್ಳಿ ಹೇರ್ಕೊಂಡು ಎಲ್ಲಿಗೆ ಹೋಗ್ಲಿ? ನೀವು ಅಂದ್ರಿ, ಮುಗೀತು.”

ಒಂದು ವರ್ಷದಿಂದ ಕುಬೇರಪ್ಪ ಆ ಮಾತನ್ನು ಮುದುಕನ ನಂಬಿಕೆ ಎಂದು ತಿಳಿದು, ಅದರ ಭಾರ ಹೊತ್ತು ತಿರುಗಿದ್ದ. ಹೊರುವುದರಲ್ಲಿ ಒಂದು ಸುಖವೂ ಇತ್ತೇನೋ: ತನ್ನನ್ನು ಅಷ್ಟು ನಂಬಿದವನಿಗೆ ಮೋಸ ಮಾಡಿದೆ ಎಂಬ ದುಃಖದ ಸುಖ. ಈಗ ಗೊತ್ತಾಯಿತು, ಯಾರೂ ನಂಬಿರಲಿಲ್ಲ. ಮುದುಕ ಅವನನ್ನು ಒಳಗಿನವರೆಗೆ ನೋಡಿ, ದರ್ಜೆ ಹಾಕಿ, ಎತ್ತು ಹೂಡಿಕೊಂಡು ಹೋಗಿದ್ದ. ಕೆನ್ನೆ ಸುಟ್ಟವು. “ನಾ ಬರ್ತೀನಿ” ಎಂದು ತಿರುಗಿದ. ಕಾರಿನಲ್ಲಿ ಕೂತು ಕೀಲಿ ತಿರುಗಿಸಿದ. ಎಂಜಿನ್ನು ಸುತ್ತಿತು, ಹತ್ತಲಿಲ್ಲ. ಮತ್ತೆ ತಿರುಗಿಸಿದ. ಪೆಟ್ರೋಲಿನ ವಾಸನೆ ಬಂತು ಅಷ್ಟೇ. ಬಿಸಿಲಿಗೆ ನಿಲ್ಲಿಸಿದರೆ ಹೀಗೆ ಮಾಡುತ್ತದೆ, ತಣ್ಣಗಾಗುವವರೆಗೆ ಅರ್ಧ ಗಂಟೆ ಕಾಯಬೇಕು ಎಂಬುದು ಮೂರು ದಿನದಲ್ಲಿ ಗೊತ್ತಾಗಿತ್ತು. ಗಾಜಿನೊಳಗಿಂದ ಕಟ್ಟೆಯ ಮೇಲಿನ ಮುದುಕ ಕಾಣುತ್ತಿದ್ದ. ಓಡಿಹೋಗಬೇಕಾದ ಹೊತ್ತಿನಲ್ಲಿಯೇ, ಊರಿಗೆಲ್ಲ ಜೋರಾದ ಕಾರಿನಲ್ಲಿ, ಅವನು ಅಲುಗದೆ ಕೂತಿದ್ದ.

“ಬಾನೆಟ್ಟು ಎತ್ತಿ ಬಿಡ್ರಿ, ಗಾಳಿ ಆಡಲಿ” ಎಂದ ಮಾಳಪ್ಪ. “ಪಂಪಸೆಟ್ಟೂ ಹಂಗ ಮಾಡತೈತಿ. ಬಂದು ಕುಂಡ್ರಿ.”

ಬಾನೆಟ್ಟು ಎತ್ತಿ ಬಂದು, ಈ ಸಲ ಕೂತ. ಮಾಳಪ್ಪನ ಹೆಂಡತಿ ಫಕೀರವ್ವ ಚರಿಗೆಯಲ್ಲಿ ಮಜ್ಜಿಗೆ ತಂದುಕೊಟ್ಟು ಬಾಗಿಲ ಹತ್ತಿರ ನಿಂತಳು. ಮುದುಕ ಹೋಗಿ ಬಾನೆಟ್ಟಿನೊಳಗೆ ಇಣುಕಿ ಬಂದ. ಎಲ್ಲೋ ಕೋಳಿ ಕೂಗಿತು. ಆಮೇಲೆ ಮಾಳಪ್ಪ ಒಳಗೆ ಹೋಗಿ ಒಂದು ಹಿಡಿ ಹತ್ತಿ ತಂದು, ಕುಬೇರಪ್ಪನ ಕೈಯಲ್ಲಿಟ್ಟು, “ಈ ವರ್ಷದ್ದು. ಹೇಳ್ರಿ” ಎಂದ.

ಕುಬೇರಪ್ಪ ಚರಿಗೆ ಕೆಳಗಿಟ್ಟು ಕೈ ಒರೆಸಿಕೊಂಡ. ಎಳೆದ. ಹಿಡಿತಕ್ಕೆ ಸಿಗುವ ಮೊದಲೇ ಎಳೆ ಹರಿಯಿತು. ಮತ್ತೆ ಎಳೆದ. ಅಕಾಲದ ಮಳೆಗೆ ಸಿಕ್ಕ ಹತ್ತಿ, ತುದಿಗೆ ಹಳದಿ ಕಲೆ. ಹೆಬ್ಬೆರಳಿಗೆ ಆಗಲೇ ಗೊತ್ತಾಗಿತ್ತು, ಆದರೂ ಅವನು ಎಳೆಯುತ್ತಲೇ ಇದ್ದ. ಒಳಗಿನಿಂದ ಏನೋ ಒಂದು ಮಾತು ಮೇಲೆದ್ದು ಬರುತ್ತಿತ್ತು. ಒಂದನೇದು ಎನ್ನು. ಇಲ್ಲಿ ಶಂಭುಲಿಂಗಪ್ಪನಿಲ್ಲ, ಅಂಗಳವಿಲ್ಲ. ಹೋದ ವರ್ಷ ಕಿತ್ತುಕೊಂಡದ್ದನ್ನು ಈ ವರ್ಷ ಕೊಟ್ಟುಬಿಡು, ಮುದುಕಿಯ ಮುಖ ಅರಳಲಿ, ನೀನೂ ಹಗುರಾಗು. ಅದು ಎಷ್ಟು ಮೃದುವಾಗಿ ಬರುತ್ತಿತ್ತೆಂದರೆ, ಅದೂ ಗಂಟಲು ಸರಿಮಾಡಿಕೊಳ್ಳುವ ಸದ್ದೇ ಎಂದು ಗುರುತಿಸಲು ಅವನಿಗೆ ಹೊತ್ತು ಹಿಡಿಯಿತು. ತನ್ನದೇ ಗಂಟಲು.

“ಎರಡನೇದು” ಎಂದ. “ಅದೂ ಕಷ್ಟ ಐತಿ. ಕಲಿ ಬಿದ್ದೈತಿ, ಎಳಿ ತಡಿಯಂಗಿಲ್ಲ.”

ಬಾಗಿಲಲ್ಲಿ ಫಕೀರವ್ವ ಸೆರಗು ಬಾಯಿಗೆ ಹಿಡಿದಳು. ಮಾಳಪ್ಪ ಅವನ ಕೈಯಿಂದ ಹತ್ತಿಯನ್ನು ತಿರುಗಿ ತೆಗೆದುಕೊಂಡು, ತಾನೂ ಒಮ್ಮೆ ಎಳೆದು ನೋಡಿ, ಹೆಂಡತಿಯ ಕಡೆ ತಿರುಗಿದ. “ಕೇಳಿದಿ? ನಾ ಹೇಳಿದ್ರ ಒಪ್ಪವಲ್ಲಿ.” ಬಳಿಕ ಕುಬೇರಪ್ಪನಿಗೆ, “ಹೌದ್ರಿ, ಎರಡನೇದ ಅದು” ಎಂದ. ಅವನ ದನಿಯಲ್ಲಿ ಸಮಾಧಾನವೂ ಇರಲಿಲ್ಲ, ಕ್ಷಮೆಯೂ ಇರಲಿಲ್ಲ. ಒಂದು ವಿಷಯದ ಬಗ್ಗೆ ಇಬ್ಬರು ಕಸಬಿನವರು ಒಪ್ಪಿದ ದನಿ.

ನೆರಳು ಕಟ್ಟೆಯಿಂದ ಇಳಿದು ಕಾರಿನ ಮುಂದಿನ ಗಾಲಿಯನ್ನು ಮುಟ್ಟಿತ್ತು. ಕುಬೇರಪ್ಪ ಎದ್ದು ಬಾನೆಟ್ಟು ಇಳಿಸಿ, ಎಡಗಡೆ ಕೂತು ಕೀಲಿ ತಿರುಗಿಸಿದ. ಎಂಜಿನ್ನು ಎರಡು ಸಲ ಕೆಮ್ಮಿ ಹತ್ತಿಕೊಂಡಿತು. ಮಾಳಪ್ಪ ಬಲಗಡೆಯ ಕಿಟಕಿಗೆ ಬಂದು, ಅಲ್ಲಿ ಯಾರೂ ಇಲ್ಲದ್ದನ್ನು ನೋಡಿ, ಸುತ್ತು ಹಾಕಿ ಎಡಗಡೆಗೆ ಬಂದ.

“ಬರೂ ಸೋಮವಾರ ಬಂಡಿ ಹೂಡ್ತೀನ್ರಿ. ನೀವ ಇರ್ತೀರೇನು ಅಂಗಳದಾಗ?”

“ಇರ್ತೀನಿ.”

“ಶಂಭುಲಿಂಗಪ್ಪ ಸಾವ್ಕಾರ್ರೂ ಇರ್ತಾರ?”

“ಅವರೂ ಇರ್ತಾರ.”

ಮುದುಕ ತಲೆಯಾಡಿಸಿದ. “ಹಂಗಾದ್ರ ಅಲ್ಲೂ ಇದನ್ನ ಹೇಳ್ರಿ. ಹೆಚ್ಚಿಗೀನೂ ಬ್ಯಾಡ, ಕಡಿಮೀನೂ ಬ್ಯಾಡ” ಎಂದು ಹೇಳಿ, ಕಾರಿಗೆ ದಾರಿ ಬಿಟ್ಟು ಹಿಂದಕ್ಕೆ ಸರಿದು ನಿಂತ.